ಹಿತ್ತಾಳೆ ಬಿಲ್ಲೆ

ಹೂಗ್ಲಿ ನದಿಯ ನೀರಿಗೆ ಕಾಲಿಡಬೇಕೆಂದರೆ ಸರಮಾಗೆ ಅಸಹ್ಯವಾಗುತ್ತಿತ್ತು. ಸೆಣಬಿನ ಮಿಲ್ಲಿನ ಎಣ್ಣೆಗಸಿ, ಬಣ್ಣದ ಕಾರ್ಖಾನೆಯ ಕೆನ್ನೀರು, ಮೊನ್ನೆ ಮುಳುಗಿಸಿದ ವಿಶ್ವಕರ್ಮನ ಮೂರ್ತಿಯ ಕೊಳೆತ ಹುಲ್ಲು, ಎಲ್ಲವೂ ಘುಷುಡಾಂಗಾ ಊರಿನ ಸ್ನಾನಘಟ್ಟಕ್ಕೇ ಬಂದು ಅಂಟಿಕೊಳ್ಳುತ್ತಿದ್ದವು. ಮಹಾಲಯ ಅಮಾವಾಸ್ಯೆಯ ಆ ಬೆಳಿಗ್ಗೆ ಗಂಡಸರು ಅದೇ ನೀರಿನಲ್ಲಿ ನಿಂತು ಪಿತೃಗಳಿಗೆ ಎಳ್ಳುನೀರು ಬಿಡುತ್ತಿದ್ದರು.

ಅದಕ್ಕಿಂತ ದೊಡ್ಡ ಹೊಲಸು ಮೇಲಿನ ಮೆಟ್ಟಿಲಲ್ಲಿತ್ತು. ಶಾಮಿಯಾನ, ಮೈಕು, ಹೊಸ ಅಮೃತಶಿಲೆ. ಊರಿನ ಚರಿತ್ರೆ ಸಮಿತಿಗೆ ಆ ವರ್ಷ ಫಲಕದ ಹುಚ್ಚು ಹಿಡಿದಿತ್ತು. ಹೊಗೆ ಕಂಡು ಇಪ್ಪತ್ತು ವರ್ಷವಾದ ಚಿಮಣಿಗೊಂದು, ನಾಲ್ಕು ಮುಖದಲ್ಲಿ ನಾಲ್ಕು ಹೊತ್ತು ತೋರಿಸುವ ಗಡಿಯಾರ ಗೋಪುರಕ್ಕೊಂದು, ಕೂಲಿಗಳನ್ನು ಬೂಟುಗಾಲಲ್ಲಿ ಒದೆಯುತ್ತಿದ್ದ ದೊರೆಯ ಬಂಗಲೆಗೆ ಎಲ್ಲಕ್ಕಿಂತ ದೊಡ್ಡದೊಂದು. ಕೊನೆಗೆ ಈ ಘಟ್ಟ. ಮೂವತ್ತೆಂಟು ವರ್ಷದ ಹಿಂದೆ ಆಚೆ ದಡದಿಂದ ಬೆಳಗಿನ ಪಾಳಿಗೆ ಬರುತ್ತಿದ್ದ ದೋಣಿ ಇಲ್ಲಿ ಮಗುಚಿ ಇಪ್ಪತ್ತಮೂರು ಜನ ಸತ್ತಿದ್ದರು. ಸರಮಾಳ ಗಂಡ ನಿತಾಯಿ ಬಾಗ್ ಅವರಲ್ಲೊಬ್ಬ. ಕಲ್ಲಿನಲ್ಲಿ ಅವನ ಹೆಸರಿರಲಿಲ್ಲ.

ನಿತಾಯಿ ಬದಲಿ ಆಳು. ಕಾಯಂ ಕೆಲಸಗಾರ ಚಕ್ಕರ್ ಹೊಡೆದ ದಿನ ಅವನ ನಂಬರಿನ ಹಿತ್ತಾಳೆ ಬಿಲ್ಲೆ ಹಿಡಿದು, ಅವನ ಹೆಸರಿಗೇ ಹಾಜರಿ ಹೇಳಿ ಮಗ್ಗ ನಡೆಸುವುದು ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಅವತ್ತು ಹರಾಧನ ಸಾಂತ್ರಾ ಕುಡಿದು ಮಲಗಿದ್ದ. ಅವನ ಬಿಲ್ಲೆ ನಿತಾಯಿಯ ಜೇಬಿನಲ್ಲಿತ್ತು. ಸರಮಾ ಹೆಣವನ್ನು ಗುರುತಿಸಿದಳು, ಮಿಲ್ಲಿನವರು ಬಿಲ್ಲೆಯನ್ನಷ್ಟೇ ಗುರುತಿಸಿದರು. ಹರಾಧನ ಸತ್ತನೆಂದು ಬರೆದುಕೊಂಡರು. ಸತ್ತವನ ಮನೆಗೊಂದು ಕೆಲಸ ಎಂದು ಸಾರಿದಾಗ ಹರಾಧನ ಮೀಸೆ ಬೋಳಿಸಿ, ಅಸ್ಸಾಮಿಗೆ ಓಡಿಹೋಗಿದ್ದ ತಮ್ಮ ತಾರಾಪದನ ಹೆಸರಿನಲ್ಲಿ ಬಂದು, ತನ್ನ ಸಾವಿಗೆ ಸಿಕ್ಕ ಕೆಲಸಕ್ಕೆ ತಾನೇ ಸೇರಿಕೊಂಡ. ಮಾನಗೆಟ್ಟವನು! ಗೊತ್ತಿದ್ದವರು ಬಾಯಿ ಹೊಲಿದುಕೊಂಡರು. ಅವರವರ ಬಿಲ್ಲೆಯೂ ಒಂದಲ್ಲ ಒಂದು ದಿನ ಇನ್ನೊಬ್ಬರ ಜೇಬಿನಲ್ಲಿರುತ್ತಿತ್ತು. ಸರಮಾಗೆ ಚೀಲ ಹೊಲಿಯುವ ಕೆಲಸ ಸಿಕ್ಕಿದ್ದೂ ಹರಾಧನನ ಶಿಫಾರಸಿನಿಂದಲೇ. ಅದಕ್ಕಾಗಿ ತಾನೂ ಸುಮ್ಮನಿದ್ದದ್ದು ನೆನೆದರೆ ಅವಳಿಗೆ ತನ್ನ ಮೇಲೇ ಹೇಸಿಗೆ.

ಈಗ ಆ ಸುಳ್ಳು ತಾರಾಪದಬಾಬುವೇ ಚರಿತ್ರೆ ಸಮಿತಿಯ ಅಧ್ಯಕ್ಷ. ಹೋದ ವಾರ ಅವಳು ಅವನ ಮನೆಗೆ ಹೋಗಿದ್ದಳು. ಅವನು ಅವಳನ್ನು ಬೌದಿ, ಅತ್ತಿಗೆ, ಎಂದೇ ಕರೆಯುತ್ತಿದ್ದ.

"ಇನ್ನೇನೂ ಬೇಡ ದಾದಾ. ಕಲ್ಲಲ್ಲಿ ಅವರ ಹೆಸರೊಂದು ಹಾಕ್ಸಿ."

"ಅಯ್ಯೋ ಬೌದಿ, ಚರಿತ್ರೆ ಅಂದ್ರೆ ಸಂತೆ ಮಾತಾ? ದಾಖಲೆ ಬೇಕು," ಅವನು ಬೆರಳಿಗಂಟಿದ ರಸಗುಲ್ಲದ ಪಾಕ ನೆಕ್ಕಿದ. "ಮಿಲ್ಲಿನ ಪುಸ್ತಕದಲ್ಲಿ ನಿತಾಯಿ ದೋಣಿ ಹತ್ತೇ ಇಲ್ಲ."

"ಅದೇ ಪುಸ್ತಕದಲ್ಲಿ ನೀವು ಹತ್ತಿ ಸತ್ತಿದೀರಲ್ಲ?"

"ಹಳೇ ಕೆಸರು ಕೆದಕ್ಬೇಡ. ವಯಸ್ಸಾಯ್ತು, ಹರಿ ಹರಿ ಅಂತ ಸುಮ್ನಿರು."

ಈಗ ಘಟ್ಟದ ಮೇಲೆ ಮೇಷ್ಟ್ರೊಬ್ಬರು ಮೈಕಿನಲ್ಲಿ ಸತ್ತವರ ಹೆಸರು ಓದುತ್ತಿದ್ದರು. ಒಂದೊಂದು ಹೆಸರಿಗೂ ಆ ಮನೆಯವರು ಬಂದು ಕಲ್ಲಿಗೆ ಹೂವಿಡುತ್ತಿದ್ದರು.

"ಹರಾಧನ ಸಾಂತ್ರಾ! ಅಧ್ಯಕ್ಷರೇ, ನಿಮ್ಮಣ್ಣ ಅಲ್ವಾ? ನೀವೇ ಬನ್ನಿ."

ಅವನು ಬಂದ. ಮೈಕಿನ ಮುಂದೆ ನಿಂತು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. "ದೇವರಂಥ ಮನುಷ್ಯ ನನ್ನಣ್ಣ," ಎಂದ. ಒಣಗಿದ ಕಣ್ಣನ್ನು ಇನ್ನೊಮ್ಮೆ ಒರೆಸಿದ. ಹೆಣ್ಣುಮಕ್ಕಳ ಸಾಲಿನಲ್ಲಿದ್ದ ಸರಮಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಳೆಲೆಯ ಪೊಟ್ಟಣ ಹಿಡಿದು ಎದ್ದಳು.

"ಬರೀ ಹೂವು ಸಾಲ್ದು ದಾದಾ. ಹರಾಧನಂಗೆ ಇಷ್ಟು ವರ್ಷ ಯಾರೂ ಪಿಂಡ ಇಟ್ಟಿಲ್ಲ. ನಾನು ತಂದಿದೀನಿ."

"ಆಯ್ತು ಬೌದಿ, ಕಲ್ಲಿನ ಮುಂದೆ ಇಡು."

ಅವಳು ಕಲ್ಲಿನ ಕಡೆ ತಿರುಗಲೂ ಇಲ್ಲ. ಎಳ್ಳು ಬೆರೆತ ಅನ್ನದ ಉಂಡೆಯನ್ನು ಅವನ ಅಂಗೈಗೆ ಒತ್ತಿ, "ತಗೋ ಹರಾಧನ, ತಿನ್ನು," ಎಂದಳು.

ಅವನು ಕೆಂಡ ಮುಟ್ಟಿದವನಂತೆ ಕೈ ಕೊಡವಿದ. "ಥೂ ಮುಂಡೆ! ಬದುಕಿರೋನಿಗೆ ಪಿಂಡ ಇಡ್ತೀಯಾ? ಈ ಹರಾಧನ ಇನ್ನೂ ಗುಂಡುಕಲ್ಲಿನ ಹಾಗಿದಾನೆ ಕಣೇ!"

ಮೈಕು ಅದನ್ನು ಘಟ್ಟಕ್ಕೆಲ್ಲ ಸಾರಿತು. ನೀರಿನಲ್ಲಿದ್ದವರ ಬೊಗಸೆಗಳು ಹಾಗೇ ನಿಂತವು. ಮೇಷ್ಟ್ರು ಪಟ್ಟಿ ನೋಡಿದರು, ಕಲ್ಲು ನೋಡಿದರು, ಅಧ್ಯಕ್ಷನ ಮುಖ ನೋಡಿದರು.

"ಹಂಗಾದ್ರೆ ಆ ದೋಣೀಲಿ ಸತ್ತೋನು ಯಾರು, ಕೇಳಿ ಮೇಷ್ಟ್ರೇ," ಎಂದಳು ಸರಮಾ.

ಹರಾಧನ ಮೈಕಿನಿಂದ ಹಿಂದೆ ಸರಿದ. ನೀರಿನಲ್ಲಿದ್ದ, ಹಿಂದೆ ಮಿಲ್ಲಿನ ಮಗ್ಗ ನಡೆಸಿದ್ದ ಮುದುಕನೊಬ್ಬ, "ನಿತಾಯಿ ಬಾಗ್," ಎಂದು ಗಟ್ಟಿಯಾಗಿ ಹೇಳಿ ಬೊಗಸೆಯ ಎಳ್ಳುನೀರು ಬಿಟ್ಟ. ಪಕ್ಕದವನೂ ಹೇಳಿದ.

"ಮೂವತ್ತೆಂಟು ವರ್ಷ ಎಲ್ಲಿಟ್ಕೊಂಡಿದ್ರೋ ಆ ಹೆಸರನ್ನ!" ಸರಮಾ ಕ್ಯಾಕರಿಸಿ ಉಗುಳಿದಳು. ಆಮೇಲೆ ಮೆಟ್ಟಿಲಿಳಿದು, ಹರಾಧನನನ್ನು ಮುಟ್ಟಿದ ಕೈಯನ್ನು ಆ ಕೆನ್ನೀರಿನಲ್ಲೇ ಉಜ್ಜಿ ಉಜ್ಜಿ ತೊಳೆದುಕೊಂಡಳು.