ಸುಳ್ಳು ಹೇಳಿದ ಕಡ್ಡಿ

ಬೋರ್ನಿಯೋ ಕಾಡಿನ ಪೆನಾನ್ ಬುಡಕಟ್ಟಿನವರಲ್ಲಿ ಬಾಯಲ್ಲಿ ಸುಳ್ಳು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕಾಲುದಾರಿಯಲ್ಲಿ ನೆಟ್ಟ ಕಡ್ಡಿಯ ಕೈಲಿ ಸುಳ್ಳು ಹೇಳಿಸಿದವರಿರಲಿಲ್ಲ. ಕಡ್ಡಿಗೆ ಮಡಚಿದ ಎಲೆ ಕಟ್ಟಿದ್ದರೆ ಹಸಿವು. ಪಕ್ಕದಲ್ಲಿ ಸಮನಾದ ಎರಡು ಚಿಕ್ಕ ಕಡ್ಡಿಗಳಿದ್ದರೆ, ಕರೆದವರು ನಿನ್ನ ಒಡಹುಟ್ಟಿದವರು. ಕಂಡವರು ಕೈಲಿದ್ದ ಕೆಲಸ ಬಿಟ್ಟು ಹೊರಡಬೇಕು.

ಅಂಥದೊಂದು ಹಸಿವಿನ ಕಡ್ಡಿ ಕಂಡಾಗ ಉಬುಂಗ್‌ಗೆ ಹೊರಡುವ ಮನಸ್ಸು ಸುತರಾಂ ಇರಲಿಲ್ಲ. ಅಪ್ಪ ತೊಗಟೆಯ ಮೇಲೆ ಗುರುತು ಕೆತ್ತಿ ಅವಳಿಗೆಂದೇ ಕಾದಿರಿಸಿದ್ದ ಅಗರು ಮರ ಈ ವರ್ಷ ಮೈತುಂಬ ಕಾಯಿ ಬಿಟ್ಟಿತ್ತು. ಇಡೀ ಕಣಿವೆಯಲ್ಲಿ ಉಳಿದದ್ದು ಅದೊಂದೇ ಮರ. ಇನ್ನು ಹತ್ತು ದಿನಕ್ಕೆ ಕಾಯಿ ಬಿರಿಯುತ್ತಿತ್ತು. ಬೀಜ ಒಣಗುವ ಮೊದಲು ಮಣ್ಣಿಗೆ ಸೇರಿಸಬೇಕೆಂದು ಅವಳು ಮರದ ಬುಡದಲ್ಲೇ ಗುಡಿಸಲು ಹಾಕಿ ಕೂತಿದ್ದಳು. ಆದರೆ ಎಲೆಗೆ ಹಾಕಿದ್ದ ಗಂಟು ತಮ್ಮ ಲೆಜೆಂಗನದು. ಎಡಕ್ಕೆ ಸುತ್ತುವವನು ಅವನೊಬ್ಬನೇ. ಅವನ ಮಕ್ಕಳು ಹಸಿದಿರುವಾಗ ಮರ ಕಾಯುತ್ತ ಕೂರುವುದು ಹೇಗೆ?

ಸಾಗು ಮರದ ಹಿಟ್ಟಿನ ಬುಟ್ಟಿ ಬೆನ್ನಿಗೇರಿಸಿ ಎರಡು ದಿನ ನಡೆದಳು. ಕಡ್ಡಿ ವಾಲಿದ್ದ ದಿಕ್ಕಿನ ತೊರೆಯ ಬಳಿ ಗುಡಿಸಲಿಲ್ಲ, ಒಲೆಯ ಬೂದಿಯೂ ಇಲ್ಲ. ಮಕ್ಕಳ ಹೆಸರು ಒಂದೊಂದಾಗಿ ಕೂಗಿ ಗಂಟಲು ಕಟ್ಟಿತು. ಏನಾಯಿತೋ ಎಂದು ಹೆದರುತ್ತಲೇ ವಾಪಸು ಬಂದಳು.

ಮರ ಅಡ್ಡ ಬಿದ್ದಿತ್ತು. ಕಾಂಡವನ್ನು ಉದ್ದಕ್ಕೆ ಸೀಳಿದ್ದರು. ಒಳಗೆಲ್ಲ ಬರೀ ಬಿಳಿ. ವ್ಯಾಪಾರಿಗಳು ಹುಡುಕುವ ಕಪ್ಪು ಸುಗಂಧದ ಅಂಟಿನ ಒಂದು ಗೆರೆಯೂ ಇರಲಿಲ್ಲ. ಒಂದು ಹಸಿರು ಕಾಯಿ ಒಡೆದು ನೋಡಿದಳು. ಬೀಜ ಇನ್ನೂ ಹಾಲು, ನೆಟ್ಟರೂ ಮೊಳೆಯದು. ವ್ಯಾಪಾರಿಯ ಜನ ಹೋಗಿಯಾಗಿತ್ತು, ಲೆಜೆಂಗ್ ಒಬ್ಬನೇ ಕಾಂಡದ ಮೇಲೆ ಕೂತಿದ್ದ.

“ಒಳಗೇನೂ ಇರ್ಲಿಲ್ಲ ಅಕ್ಕ,” ಎಂದ. “ಇದ್ದಿದ್ರೆ ನಿಂಗೂ ಅರ್ಧ ಕೊಡ್ತಿದ್ದೆ. ನಾನೇನು ಒಬ್ನೇ ತಿನ್ನೋನಾ?”

“ಮಕ್ಳು ಹೇಗಿದಾರೆ?”

“ಚೆನ್ನಾಗಿದಾರೆ.”

ಉಬುಂಗ್ ಬುಟ್ಟಿ ಇಳಿಸಿ, ಹಿಟ್ಟನ್ನು ಎರಡು ಪಾಲು ಮಾಡಿ, ಅವನ ಪಾಲನ್ನು ಅವನ ಮುಂದಿಟ್ಟಳು. ಅಪ್ಪನ ಗುರುತಿದ್ದ ತೊಗಟೆಯ ಚೂರನ್ನು ಎತ್ತಿಕೊಂಡು ಹೊರಟಳು.

ತಿಂಗಳು ಕಳೆದು ದಾರಿಯಲ್ಲಿ ಮತ್ತೆ ಕಡ್ಡಿ ಕಂಡಿತು. ಕಾಯಿಲೆ ಎಂದು ಸಾರುವ ಎಲೆ, ಎಡಕ್ಕೆ ಸುತ್ತಿದ ಗಂಟು, ಪಕ್ಕದಲ್ಲಿ ಸಮನಾದ ಎರಡು ಕಡ್ಡಿ. ಮೊದಲು ಹೋಗಿ ಮರ ನೋಡಿಕೊಂಡು ಬರೋಣ ಅನ್ನಿಸಿತು. ಮರವೇ ಇಲ್ಲವೆಂಬುದು ಆಮೇಲೆ ನೆನಪಾಯಿತು. ಈ ಸಲ ಕಾಯಿಲೆ ನಿಜವೂ ಇರಬಹುದು.

ಕೊನೆಗೆ ಕಡ್ಡಿಯನ್ನು ದಾಟಿಕೊಂಡು ತನ್ನ ದಾರಿ ಹಿಡಿದಳು. ಪೆನಾನರಲ್ಲಿ ಅದನ್ನೂ ಅದುವರೆಗೆ ಯಾರೂ ಮಾಡಿರಲಿಲ್ಲ.