ಅವನ ಮಾತು, ನನ್ನ ಬಾಯಿ

ಯಮನೂರನ ನೆನಪಾದರೆ ಮೊದಲು ಕಣ್ಣಿಗೆ ಬರುವುದು ಅವನ ಕೈಗಳು. ಮನೆಗಳಿಗೆ ಪ್ಲಾಸ್ಟರ್ ಮಾಡುವ ಕೆಲಸ ಅವನದು. ಎಷ್ಟು ತೊಳೆದರೂ ಉಗುರುಸಂದಿಯ ಬಿಳುಪು ಹೋಗುತ್ತಿರಲಿಲ್ಲ. ಆ ಕೈಗಳನ್ನು ತೊಡೆಗಳ ನಡುವೆ ಅಡಗಿಸಿಕೊಂಡು ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ.

ಭಾಷೆಯೇ ಬೇರೆಯಾದ ಆ ಪರಸ್ಥಳದಲ್ಲಿ ನಮ್ಮ ಕಡೆಯ ಕೂಲಿಕಾರರು ಬಹಳ. ಅವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ದಾಟಿಸುವುದು ನನ್ನ ನೌಕರಿ. ಅದಕ್ಕೊಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. 'ಅವನಿಗೆ ಹೊಟ್ಟೆನೋವಂತೆ' ಎನ್ನುವ ಹಾಗಿಲ್ಲ. 'ನನಗೆ ಹೊಟ್ಟೆನೋವು' ಎಂದು ರೋಗಿಯೇ ಆಗಿ ಹೇಳಬೇಕು. ಬಸುರಿಯರ ವಾಂತಿ, ಮುದುಕರ ಮೂಲವ್ಯಾಧಿ ಎಲ್ಲವನ್ನೂ ನನ್ನದೇ ಎಂಬಂತೆ ಸಲೀಸಾಗಿ ಹೇಳಿದ್ದ ಭೂಪ ನಾನು.

"ಅಣ್ಣಾ, ಎಚ್‌ಐವಿ ಬರದಂಗ ದಿನಾ ನುಂಗೂ ಗುಳಗಿ ಐತಂತ, ಖರೇನು?" ಎಂದ ಯಮನೂರ. ನನ್ನ ಮಾತಿನ ಧಾಟಿ ತನ್ನ ಸೀಮೆಯದೆಂದು ತಿಳಿದು ಅವನ ಮುಖ ಅರಳಿತ್ತು.

ಒಳಗೆ ಡಾಕ್ಟರಮ್ಮ ಅವನ ಸಂಬಂಧಗಳ ಬಗ್ಗೆ ಕೇಳಿದರು. ಅವನು ದನಿ ತಗ್ಗಿಸಿ, "ನಾ ಹೆಂಗಸರ ಕೂಡ ಅಲ್ರೀ, ಗಂಡಸರ ಕೂಡ ಇರ್ತೀನಿ. ಯಾರ ಮುಂದೂ ಹೇಳಿಲ್ಲ. ನೀವು ನಮ್ಮವರಂತ ಹೇಳಾಕತ್ತೀನಿ" ಎಂದ.

ಡಾಕ್ಟರಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. 'ನಾನು ಗಂಡಸರ ಜೊತೆ ಇರುತ್ತೇನೆ.' ಇಷ್ಟೇ ಹೇಳಬೇಕಿತ್ತು. ನಾಲಗೆ ಹೊರಳಲಿಲ್ಲ. ಆ ಮಾತು ನನ್ನ ಪಾಲಿಗೂ ನಿಜವಾಗಿತ್ತು. ಅದೇ ಗುಳಿಗೆಯ ಡಬ್ಬಿಯೊಂದು ನನ್ನ ಟ್ರಂಕಿನ ತಳದಲ್ಲೂ ಇತ್ತು, ಗುರುತಿನವರಿಲ್ಲದ ಊರಿನಿಂದ ಕದ್ದುಮುಚ್ಚಿ ತಂದದ್ದು. ಹೇಳಿದರೆ ದನಿಯಲ್ಲೇ ಸಿಕ್ಕಿಬೀಳುತ್ತೇನೆ ಅನ್ನಿಸಿತು. "ನನಗೆ ಅಂಥ ಸಂಬಂಧ ಯಾವುದೂ ಇಲ್ಲ, ಸುಮ್ಮನೆ ಹೆದರಿಕೆ" ಎಂದುಬಿಟ್ಟೆ. ರಕ್ತಪರೀಕ್ಷೆಯಲ್ಲಿ ಆಗ ಏನೂ ಇರಲಿಲ್ಲ. "ಗುಳಗಿ ಕೊಡೂದಿಲ್ಲಂತ" ಎಂದು ಅವನನ್ನು ಸಾಗಹಾಕಿದೆ. ಎಂಥ ಹೇಡಿ ನಾನು.

ಎಂಟು ತಿಂಗಳ ಮೇಲೆ ಅವೇ ಬಿಳಿ ಕೈಗಳು ಅದೇ ಬೆಂಚಿನ ಮೇಲೆ. ಈ ಸಲ ರಕ್ತದಲ್ಲಿ ವೈರಸ್ ಇತ್ತು. "ಚಿಕಿತ್ಸೆ ತಪ್ಪಿಸದಿದ್ದರೆ ಎಲ್ಲರ ಹಾಗೆ ಬಾಳಬಹುದು" ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಅದನ್ನು ದಾಟಿಸಿದೆ. ಯಮನೂರ ತಲೆಯಾಡಿಸಿ, "ಅವತ್ತ ನೀವು ಕೇಳಿದ್ರಿ ಅಣ್ಣಾ, ಅವರ ಕೊಡಲಿಲ್ಲ. ನಿಮ್ಮ ತಪ್ಪೇನೈತಿ" ಎಂದು ನನ್ನನ್ನೇ ಸಂತೈಸಿದ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಡಾಕ್ಟರಮ್ಮ ಹಳೆಯ ಚೀಟಿ ತಿರುವಿದರು. "ಅವತ್ತು ಸಂಬಂಧವೇ ಇಲ್ಲ ಅಂದಿದ್ದನಲ್ಲ? ಯಾಕೆ ಸುಳ್ಳು ಹೇಳಿದ, ಕೇಳಿ. ನಿಜ ಹೇಳಿದ್ದರೆ ಅವತ್ತೇ ಗುಳಿಗೆ ಕೊಡುತ್ತಿದ್ದೆ."

ಯಮನೂರ ನನ್ನ ಕಡೆ ತಿರುಗಿ ಕಾದ. ಇನ್ನೊಂದು ಸುಳ್ಳು ತುಟಿಯವರೆಗೆ ಬಂದಿತ್ತು. "ಅವನು ನಿಜವನ್ನೇ ಹೇಳಿದ್ದ. ಬದಲಿಸಿದವನು ನಾನು" ಎಂದೆ. ಆಮೇಲೆ ನಮ್ಮ ಮಾತಿನಲ್ಲಿ ಅವನಿಗೂ ಅದನ್ನೇ ಹೇಳಿದೆ. ಯಾಕೆಂಬುದನ್ನೂ ಹೇಳಿದೆ.

ಅವನು ಬೈಯಲಿಲ್ಲ. ನನ್ನನ್ನು ಬಿಟ್ಟು ಡಾಕ್ಟರಮ್ಮನ ಕಡೆ ತಿರುಗಿ ಕೂತ. ಕೆಲಸದ ಜಾಗದಲ್ಲಿ ಕಿವಿಗೆ ಬಿದ್ದು ಕಲಿತ ಆ ಊರಿನ ಭಾಷೆಯ ನಾಲ್ಕು ಹರಕು ಮಾತುಗಳನ್ನು ಹುಡುಕಿ ಹುಡುಕಿ, ತಡವರಿಸುತ್ತ, ತನ್ನ ವಿಷಯವನ್ನು ತಾನೇ ಹೇಳತೊಡಗಿದ.