ಕೋರ್ಟು ಏಳುವವರೆಗೆ

ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಹೊಳೆಕೊಪ್ಪ ಸಿಗುತ್ತದೆ. ಅಲ್ಲಿನ ಪೊಲೀಸ್ ಠಾಣೆಯ ಎದುರಿಗೆ ಸಂಯುಕ್ತಾಳ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇತ್ತು. ಠಾಣೆಯ ಹಿಂದೆಯೇ ಹೆಂಚಿನ ಮಾಡಿನ ಸಣ್ಣ ಕೋರ್ಟು. ಗಂಡ ತೀರಿಕೊಂಡ ಮರುವರ್ಷ ಅವಳು ಆ ಅಂಗಡಿ ತೆರೆದಿದ್ದಳು. ಜಾಮೀನು ಅರ್ಜಿ, ಅಫಿಡವಿಟ್ಟು, ಪೊಲೀಸರ ಮಹಜರು, ಎಲ್ಲವೂ ಅವಳ ಕೈಯಲ್ಲಿ ಟೈಪಾಗುತ್ತಿದ್ದವು. ‘ಸದರಿ’, ‘ಮೇಲ್ಕಂಡ’, ‘ಸಮಕ್ಷಮ’ ಎಂಬ ಪದಗಳು ಅವಳ ಬೆರಳಿಗೆ ಎಷ್ಟು ರೂಢಿಯಾಗಿದ್ದವೆಂದರೆ, ಏನು ಟೈಪ್ ಮಾಡುತ್ತಿದ್ದೇನೆ ಎಂದು ಅವಳು ಹೆಚ್ಚಾಗಿ ಗಮನಿಸುತ್ತಲೇ ಇರಲಿಲ್ಲ.

ಎರಡು ಸಾವಿರದ ಹದಿನೇಳರಲ್ಲಿ ದೊಡ್ಡ ಸಿನಿಮಾ ಒಂದು ಬಿಡುಗಡೆಯಾಗಿ ಮೂರೇ ದಿನಕ್ಕೆ ಎಲ್ಲರ ಮೊಬೈಲಿಗೆ ಬಂದುಬಿಟ್ಟಿತು. ಸಿನಿಮಾದವರು ದೂರು ಕೊಟ್ಟರು. ಮೇಲಿನಿಂದ ಒತ್ತಡ ಬಂದು ಕದ್ದ ಪ್ರತಿ ಹಿಡಿಯುವ ತಂಡವೊಂದು ಊರೂರು ಸುತ್ತತೊಡಗಿತು. ಆ ತಂಡದ ಇನ್‌ಸ್ಪೆಕ್ಟರ್ ಒಂದು ಬೆಳಿಗ್ಗೆ ಸಂಯುಕ್ತಾಳ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತ.

“ಮಹಜರು ಟೈಪ್ ಮಾಡ್ಬೇಕು. ಹೇಳ್ತೀನಿ, ಬರ್ಕೊಳ್ಳಿ. ಈ ದಿನ ಸಂಜೆ ನಾಲ್ಕೂವರೆ ಗಂಟೆಗೆ ಪಂಚರ ಸಮಕ್ಷಮ ಸದರಿ ಅಂಗಡಿಯನ್ನು ಶೋಧಿಸಲಾಗಿ...”

ಸಂಯುಕ್ತಾ ಗಡಿಯಾರ ನೋಡಿದಳು. “ಸಾರ್, ಈಗಿನ್ನೂ ಹನ್ನೊಂದು ಗಂಟೆ.”

“ಗೊತ್ತಮ್ಮ. ಸಂಜೆ ನಮಗೆ ಟೈಮ್ ಸಿಗಲ್ಲ. ನೀವು ಮಾಡಿ.”

ಅಂಗಡಿಯವನ ಹೆಸರು ಬರಬೇಕಾದ ಕಡೆ ಜಾಗ ಖಾಲಿ ಬಿಡಲು ಹೇಳಿದ. ಆದರೆ ಅಲ್ಲಿ ಸಿಗಲಿರುವ ಹಾರ್ಡ್ ಡಿಸ್ಕಿನ ಬಣ್ಣ, ಅದರ ಸೀರಿಯಲ್ ನಂಬರು, ಒಳಗಿರುವ ಹೊಸ ಸಿನಿಮಾದ ಹೆಸರು, ಇಷ್ಟನ್ನೂ ಜೇಬಿನ ಚೀಟಿ ನೋಡಿಕೊಂಡು ಬಿಡದೆ ಹೇಳಿದ. ಸಂಯುಕ್ತಾ ಟೈಪ್ ಮಾಡಿದಳು. ಯಾವುದೋ ಬೇರೆ ಊರಿನದಿರಬೇಕು ಅಂದುಕೊಂಡಳು.

ಸಂಜೆ ಠಾಣೆಯ ಪೇದೆ ದುರ್ಗೇಶ್ ಬಂದ. ಅವನ ಮುಖ ಸಪ್ಪಗಿತ್ತು.

“ಮೇಡಂ, ಬೆಳಿಗ್ಗಿಂದು ಮಹಜರಿಗೆ ಹೆಸರು ಹಾಕ್ಬೇಕಂತೆ. ರಾಜೇಂದ್ರ. ನಿಮ್ಮ ಪಕ್ಕದ ಮೊಬೈಲ್ ಅಂಗಡಿ.”

ಸಂಯುಕ್ತಾಳ ಕೈ ನಿಂತಿತು. ರಾಜೇಂದ್ರ ಸುಭಗನೇನೂ ಅಲ್ಲ. ಮೆಮೊರಿ ಕಾರ್ಡಿಗೆ ಹಾಡು, ಹಳೆಯ ಸಿನಿಮಾ ತುಂಬಿಸಿ ಕೊಡುತ್ತಿದ್ದದ್ದು ಊರಿಗೆಲ್ಲ ಗೊತ್ತು. ದುರ್ಗೇಶನ ಫೋನಿಗೂ ಅವನೇ ತುಂಬಿಸಿದ್ದ. ಆದರೆ ಆ ಹಾರ್ಡ್ ಡಿಸ್ಕು ಅವನದಲ್ಲ ಎಂಬುದು ಅವಳಿಗೆ ಆ ಕ್ಷಣಕ್ಕೆ ಹೊಳೆಯಿತು. ಯಾರ ಅಂಗಡಿ ಎಂದು ತೀರ್ಮಾನವಾಗುವ ಮೊದಲೇ ಅದರ ನಂಬರನ್ನು ಅವಳು ಟೈಪ್ ಮಾಡಿದ್ದಳಲ್ಲ.

“ಸಾಕ್ಷಿ ಹಾಕ್ಬೇಕಿದ್ದ ಇನ್ನೊಬ್ಬ ಪಂಚ ಬರ್ಲಿಲ್ಲ. ನೀವೇ ಒಂದು ಸಹಿ ಹಾಕ್ಬಿಡಿ ಮೇಡಂ, ಬರೀ ಫಾರ್ಮಾಲಿಟಿ,” ಎಂದ ದುರ್ಗೇಶ್. ಬಾಗಿಲಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದ. ಅವಳು ಹೆಸರು ಸೇರಿಸಿದಳು, ಸಹಿ ಹಾಕಿದಳು. ಇನ್‌ಸ್ಪೆಕ್ಟರ್ ಹೇಳಿದಂತೆ ಅವರೆದುರಿಗೇ ಆ ಫೈಲನ್ನು ಡಿಲೀಟ್ ಮಾಡಿದಳು.

ರಾಜೇಂದ್ರ ಹತ್ತೊಂಬತ್ತು ದಿನ ಜೈಲಿನಲ್ಲಿದ್ದ. ಜಾಮೀನಿನ ಮೇಲೆ ಬಂದವನು ಅಂಗಡಿಯ ಬಾಗಿಲು ತೆಗೆಯಲಿಲ್ಲ. ‘ಸಿನಿಮಾ ಕಳ್ಳ’ ಎಂದು ಫೋಟೋ ಸಮೇತ ಪತ್ರಿಕೆಯಲ್ಲಿ ಬಂದಿತ್ತು. ಮಾತಾಗಿದ್ದ ಹುಡುಗಿಯ ಮನೆಯವರು ಹೇಳಿ ಕಳಿಸುವ ಸೌಜನ್ಯವನ್ನೂ ತೋರದೆ ಬೇರೆ ಕಡೆ ಲಗ್ನಪತ್ರಿಕೆ ಹಂಚಿದರು.

ಆರೋಪಪಟ್ಟಿಯ ಪ್ರತಿ ಕೈಗೆ ಬಂದ ದಿನ ಅವನ ತಾಯಿ ಕೆರಿಯಮ್ಮ ಆ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಸಂಯುಕ್ತಾಳ ಅಂಗಡಿಗೆ ಬಂದಳು. ಆಕೆಗೆ ಓದು ಬರದು.

“ಅಮ್ಮಾ, ನನ್ನ ಮಗನ್ ಮೇಲೆ ಇದ್ರಾಗೆ ಎಂತ ಬರ್ದಾರೆ, ಓದಿ ಹೇಳ್ತೀರಾ? ಅವ್ನನ್ನ ಕೇಳಿದ್ರೆ ಬಾಯೇ ಬಿಡ್ತಿಲ್ಲ.”

ಸಂಯುಕ್ತಾ ಓದಿದಳು. ತಾನೇ ಟೈಪ್ ಮಾಡಿದ ಸಾಲುಗಳನ್ನು ಒಂದೊಂದಾಗಿ ಓದಿ ಅರ್ಥ ಹೇಳಿದಳು. ಪಂಚರ ಹೆಸರು ಬಂದಾಗ ಮೊದಲನೆಯವನದು ಓದಿ, ಎರಡನೆಯದನ್ನು ಬಿಟ್ಟು ಪುಟ ತಿರುಗಿಸಿದಳು. ಕೆರಿಯಮ್ಮ ಕೈಮುಗಿದು ಹೋದಳು.

ಸಾಕ್ಷಿಯ ಸಮನ್ಸ್ ಬಂದದ್ದು ಎರಡು ವರ್ಷದ ನಂತರ. ಸಾಕ್ಷಿ ಹೇಳಬೇಕಿದ್ದ ಹಿಂದಿನ ದಿನ ಸರ್ಕಾರಿ ವಕೀಲರು ಅವಳನ್ನು ಕರೆಸಿ, “ಹೌದು, ನನ್ನ ಎದುರಿಗೇ ಜಪ್ತಿ ಮಾಡಿದ್ರು ಅಂದ್ರೆ ಸಾಕು. ಐದು ನಿಮಿಷದ ಕೆಲಸ,” ಎಂದಿದ್ದರು. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ಬಂದ ಅತ್ತೆ ಧರ್ಮಾವತಿ ಸೊಸೆಯ ಮುಖ ನೋಡಿ ವಿಷಯ ಕೇಳಿದರು. ಸಂಯುಕ್ತಾ ಮೊದಲ ಸಲ ಎಲ್ಲವನ್ನೂ ಹೇಳಿದಳು.

“ಎರಡು ವರ್ಷ ನನ್ನ ಜೊತೆ ಕೂತು ಊಟ ಮಾಡಿದೀಯಲ್ಲ, ಒಂದು ಮಾತು ಹೇಳ್ಲಿಲ್ಲ ನೀನು,” ಎಂದರು ಮುದುಕಿ. “ಹೋಗು. ಆದದ್ದು ಆದ ಹಾಗೇ ಹೇಳು. ಅಂಗಡಿ ಮುಚ್ಚಿದ್ರೆ ಮುಚ್ಲಿ.”

ಕೋರ್ಟಿನಲ್ಲಿ ಅವಳು ಹಾಗೇ ಹೇಳಿದಳು. ಮಹಜರನ್ನು ಬೆಳಿಗ್ಗೆ ಹನ್ನೊಂದಕ್ಕೆ ತಾನೇ ಟೈಪ್ ಮಾಡಿದ್ದು, ಹೆಸರಿನ ಜಾಗ ಖಾಲಿ ಇದ್ದದ್ದು, ಜಪ್ತಿಯ ಹೊತ್ತಿಗೆ ತಾನು ಆ ಅಂಗಡಿಗೆ ಕಾಲಿಟ್ಟೇ ಇಲ್ಲದ್ದು. ಸರ್ಕಾರಿ ವಕೀಲರು ಅವಳನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುವಂತೆ ಕೇಳಿ, ಪಾಟಿ ಸವಾಲಿಗೆ ನಿಂತರು.

“ಸಹಿ ನಿಮ್ಮದೇ ತಾನೆ?”

“ನನ್ನದೇ.”

“ಓದು ಬರಹ ಬಲ್ಲವರು. ಓದಿಯೇ ಸಹಿ ಹಾಕಿದ್ದೀರಿ?”

“ಓದೋದೇನು ಸಾರ್, ಟೈಪ್ ಮಾಡಿದ್ದೇ ನಾನು.”

“ಆ ಫೈಲ್ ಎಲ್ಲಿದೆ?”

“ಡಿಲೀಟ್ ಮಾಡ್ಸಿದ್ರು. ಆ ಕಂಪ್ಯೂಟರೂ ಈಗ ನನ್ನ ಹತ್ರ ಇಲ್ಲ.”

“ಎರಡು ವರ್ಷ ಯಾರಿಗೂ ದೂರು ಕೊಡದವರು ಈಗ ಪಕ್ಕದ ಅಂಗಡಿಯವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀರಿ.”

“ಇಲ್ಲ. ಸುಳ್ಳು ಹೇಳಿದ್ದು ಅವತ್ತು.”

ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಹೇಳಿ ಬರೆಸಿದರು: ‘ಆರೋಪಿಗೆ ಸಹಾಯ ಮಾಡುವ ಉದ್ದೇಶದಿಂದ ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಇಂಥ ಸಾಲುಗಳನ್ನು ಸಂಯುಕ್ತಾ ಸಾವಿರ ಸಲ ಟೈಪ್ ಮಾಡಿದ್ದಳು. ಅದರೊಳಗೆ ನಿಂತವರಿಗೆ ಹೇಗಾಗುತ್ತದೆ ಎಂದು ಈಗ ತಿಳಿಯಿತು. ಪಂಜರದಂಥ ಕಟಕಟೆಯಲ್ಲಿ ನಿಂತಿದ್ದ ರಾಜೇಂದ್ರ ಅವಳನ್ನು ನೋಡಲಿಲ್ಲ. ಬಾಗಿಲ ಬಳಿಯಿದ್ದ ಕೆರಿಯಮ್ಮ ನೋಡಿದಳು.

ಮರುದಿನ ಆಕೆ ಅಂಗಡಿಗೆ ಬಂದಳು. ಒಳಗೆ ಬರದೆ ಮೆಟ್ಟಿಲ ಕೆಳಗೇ ನಿಂತಳು.

“ಅವತ್ತು ನಂಗೆ ಓದಿ ಹೇಳುವಾಗ ನಿಮ್ಮ ಹೆಸರು ಬಿಟ್ಟು ಓದಿದ್ರಾ ಅಮ್ಮಾ?”

“ಹೌದು ಕೆರಿಯಮ್ಮ.”

ಕೆರಿಯಮ್ಮ ಬೈಯಲಿಲ್ಲ, ಅಳಲಿಲ್ಲ. ತಲೆಯಾಡಿಸಿ ಬಸ್‌ಸ್ಟ್ಯಾಂಡ್ ಕಡೆ ನಡೆದಳು.

ರಾಜೇಂದ್ರನ ವಕೀಲ ಶ್ರೀಕರ ಚಿಕ್ಕ ಪ್ರಾಯದವನು. ಕೇಸು ಶುರುವಾದಾಗಿನಿಂದ ಅವನು ಒಂದನ್ನೇ ಕೇಳುತ್ತಿದ್ದ: ಆ ಹಾರ್ಡ್ ಡಿಸ್ಕಿನಲ್ಲಿ ಏನಿದೆ, ಸಿನಿಮಾ ಅದಕ್ಕೆ ಯಾವ ದಿನ ಸೇರಿತು ಎಂದು ತಿಳಿಯಲು ನಮಗೊಂದು ಪ್ರತಿ ಕೊಡಿ. ‘ಕದ್ದ ಸಿನಿಮಾದ ಪ್ರತಿಯನ್ನು ಆರೋಪಿಯ ಕೈಗೇ ಮತ್ತೆ ಕೊಡಬೇಕೆ?’ ಎಂದು ಸರ್ಕಾರಿ ವಕೀಲರು ಕೇಳಿದಾಗ ಕೋರ್ಟಿನಲ್ಲಿ ನಗು ಎದ್ದಿತ್ತು. ಅರ್ಜಿ ವಜಾ ಆಯಿತು. ಸೀಲು ಹಾಕಿದ ಕವರಿನಲ್ಲಿದ್ದ ಆ ಡಿಸ್ಕನ್ನು ವಿಚಾರಣೆ ಮುಗಿಯುವವರೆಗೆ ಯಾರೂ ತೆರೆದು ತೋರಿಸಲಿಲ್ಲ. ಇನ್‌ಸ್ಪೆಕ್ಟರ್ ಬಂದು, ‘ನಾನು ನೋಡಿದ್ದೇನೆ, ಸಿನಿಮಾ ಇದೆ’ ಎಂದ. ಅಷ್ಟೇ.

ತೀರ್ಪು: ಆರು ತಿಂಗಳ ಸಜೆ. ಪಂಚ ಸಾಕ್ಷಿ ತನ್ನ ಸಹಿಯನ್ನು ಒಪ್ಪಿಕೊಂಡಿದ್ದಾರೆ, ನೆರೆಯವನೆಂಬ ಕಾರಣಕ್ಕೆ ಉಳಿದದ್ದನ್ನು ತಿರುಚಿದ್ದಾರೆ, ಪೊಲೀಸರಿಗೆ ಆರೋಪಿಯ ಮೇಲೆ ಯಾವ ಹಗೆಯೂ ಇರಲಿಲ್ಲ ಎಂದು ಅದರಲ್ಲಿತ್ತು. ಹಗೆ ಇರಲಿಲ್ಲ ಎಂಬುದು ನಿಜವೇ. ಅವರಿಗೆ ಒಂದು ಹೆಸರು ಬೇಕಿತ್ತು.

ಶ್ರೀಕರ ಸಾಗರದ ಮೇಲಿನ ಕೋರ್ಟಿಗೆ ಅಪೀಲು ಹಾಕಿದ. ಸಜೆಗೆ ತಡೆ ಸಿಕ್ಕಿತು. ಆಮೇಲೆ ಕೊರೊನಾ ಬಂತು, ಕೋರ್ಟುಗಳು ಮುಚ್ಚಿದವು, ತೆರೆದವು, ತಾರೀಖು ಮುಂದೆ ಹೋದವು. ಸಂಯುಕ್ತಾಳ ಅಂಗಡಿಗೆ ಪೊಲೀಸರ ಕೆಲಸ ನಿಂತಿತು, ಮೆಲ್ಲಗೆ ವಕೀಲರದೂ ನಿಂತಿತು. ಅವಳು ಶಾಲೆ ಮಕ್ಕಳ ಪ್ರಾಜೆಕ್ಟು, ಪಹಣಿ ಜೆರಾಕ್ಸು ಎಂದು ಹೇಗೋ ನಡೆಸಿದಳು. ರಾಜೇಂದ್ರ ಮಾಸ್ತಿಕಟ್ಟೆ ಕಡೆ ಕಂಟ್ರಾಕ್ಟರೊಬ್ಬರ ಜೀಪು ಓಡಿಸುತ್ತಿದ್ದಾನೆ ಎಂದು ಯಾರೋ ಹೇಳಿದರು.

ಎರಡು ಸಾವಿರದ ಇಪ್ಪತ್ತಮೂರರಲ್ಲಿ ಅಪೀಲಿನ ತೀರ್ಪು ಬಂತು. ತನ್ನ ವಿರುದ್ಧದ ಸಾಕ್ಷ್ಯವನ್ನೇ ಆರೋಪಿಗೆ ತೋರಿಸದೆ ನಡೆಸಿದ ವಿಚಾರಣೆ ನ್ಯಾಯಯುತವಲ್ಲ, ಪಂಚ ಸಾಕ್ಷಿಯ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ ಎಂದು ಬರೆದು, ಶಿಕ್ಷೆಯನ್ನು ರದ್ದು ಮಾಡಿತ್ತು. ಶ್ರೀಕರ ಫೋನಿನಲ್ಲೇ ಓದಿ ಹೇಳಿದಾಗ ಸಂಯುಕ್ತಾ ಅಂಗಡಿಯಲ್ಲಿ ಒಬ್ಬಳೇ ಕೂತು ಅತ್ತಳು. ಕೊನೆಯ ಸಾಲನ್ನು ಅವನು ತಡವಾಗಿ ಓದಿದ: ‘ವಿಚಾರಣೆಯನ್ನು ಕಾನೂನಿನಂತೆ ಹೊಸದಾಗಿ ನಡೆಸತಕ್ಕದ್ದು.’

ಮರುವಿಚಾರಣೆಗೆ ಮತ್ತೆ ಸಮನ್ಸ್ ಬಂದ ದಿನ ಸಂಯುಕ್ತಾ ಹತ್ತು ಗಂಟೆಗೇ ಕೋರ್ಟಿನ ಜಗಲಿಯಲ್ಲಿದ್ದಳು. ರಾಜೇಂದ್ರ ಅವಳ ಹತ್ತಿರ ತಾನಾಗಿ ಬಂದದ್ದು ಏಳು ವರ್ಷದಲ್ಲಿ ಅದೇ ಮೊದಲು. ತಲೆ ಅರ್ಧ ನರೆತಿತ್ತು.

“ಅಕ್ಕಾ, ನೀವು ಇವತ್ತು ಹೇಳೋದು ಬ್ಯಾಡ. ನಾನು ತಪ್ಪು ಒಪ್ಕೋತಿದೀನಿ.”

“ಎಂತ ಹೇಳ್ತಿದೀಯ ರಾಜೇಂದ್ರ? ಈ ಸಲ ಡಿಸ್ಕು ತೆರೀಲೇಬೇಕು. ಶ್ರೀಕರ ಹೇಳಿದಾರಲ್ಲ, ಗೆಲ್ತೀವಿ.”

“ಯಾವಾಗ? ಮತ್ತೆ ನಾಕು ವರ್ಷಕ್ಕಾ? ಒಂದೊಂದು ತಾರೀಖಿಗೂ ರಜ ಕೇಳ್ಬೇಕು. ಇನ್ನೊಂದ್ಸಲ ಕೇಳಿದ್ರೆ ಬೇರೆ ಡ್ರೈವರ್ ನೋಡ್ಕೋತೀನಿ ಅಂದಾರೆ ಸಾಹುಕಾರ್ರು. ಅವ್ವನ ಕಣ್ಣು ಹೋಗಿದೆ. ಒಪ್ಕೊಂಡ್ರೆ ಇವತ್ತೇ ಮುಗೀತದೆ.”

“ಮಾಡದೇ ಇರೋದನ್ನ ಮಾಡಿದೀನಿ ಅಂತ ಹೇಳ್ತೀಯಾ?”

ಅವನು ಮೊದಲ ಬಾರಿ ದನಿ ಏರಿಸಿದ. “ನೀವು ಹೇಳಿರ್ಲಿಲ್ವಾ ಅಕ್ಕಾ?”

ಅವನೇ ಆಮೇಲೆ ಸಣ್ಣಗೆ, “ಬೇಜಾರು ಮಾಡ್ಕೋಬ್ಯಾಡಿ. ಆಮೇಲೆ ನಿಜ ಹೇಳಿದ್ದೂ ನೀವೇ. ಬೇರೆ ಯಾರೂ ಹೇಳ್ಲಿಲ್ಲ,” ಎಂದ.

ಕೇಸು ಕೂಗಿದರು. ಹೊಸ ನ್ಯಾಯಾಧೀಶೆ ಕನ್ನಡಕದ ಮೇಲಿಂದ ಅವನನ್ನು ನೋಡಿದರು.

“ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೀರಾ?”

“ಹೌದು ಸ್ವಾಮಿ.”

“ಪರಿಣಾಮ ಏನೆಂದು ಗೊತ್ತಾ?”

“ಗೊತ್ತು.”

ಸಂಯುಕ್ತಾ ಎದ್ದು ನಿಂತಳು. “ಮೇಡಂ, ನಾನು ಸಾಕ್ಷಿ, ನಂದೊಂದು ಮಾತು...” ಎಂದಳು. ಆರೋಪಿ ಒಪ್ಪಿಕೊಂಡ ಮೇಲೆ ಸಾಕ್ಷಿಯ ಅಗತ್ಯವಿಲ್ಲ ಎಂದು ಅವಳನ್ನು ಕೂರಿಸಿದರು. ಶ್ರೀಕರ ಕಡತದಲ್ಲಿ ಮುಖ ಹುದುಗಿಸಿದ್ದ. ಲಾಭಕ್ಕಾಗಿ ಮಾಡಿದ್ದಲ್ಲ, ಜೈಲಿನಲ್ಲಿ ಕಳೆದ ದಿನಗಳೂ ಇವೆ ಎಂಬ ವಿಶೇಷ ಕಾರಣ ಕೊಟ್ಟು ನ್ಯಾಯಾಧೀಶೆ ಶಿಕ್ಷೆ ಹೇಳಿದರು: ಒಂದಿಷ್ಟು ದಂಡ, ಮತ್ತು ಆ ದಿನ ಕೋರ್ಟು ಏಳುವವರೆಗೆ ಸಜೆ. ಅಂದರೆ ಆ ದಿನದ ಕಲಾಪ ಮುಗಿಯುವವರೆಗೆ ಅಲ್ಲೇ ಮೂಲೆಯ ಬೆಂಚಿನಲ್ಲಿ ಕೂತಿರಬೇಕು.

ಅವನು ಕೂತ. ಸಂಯುಕ್ತಾ ಹೋಗಬಹುದಿತ್ತು. ಹೋಗದೆ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಗಡಿ ತಕರಾರು, ಚೆಕ್ ಬೌನ್ಸು, ಜೀವನಾಂಶ ಎಂದು ಒಂದಾದ ಮೇಲೊಂದು ಕೇಸು ನಡೆದವು. ಮಧ್ಯಾಹ್ನ ಅವಳು ತಂದಿದ್ದ ಬುತ್ತಿ ಬಿಚ್ಚಿ ಅವನತ್ತ ಸರಿಸಿದಳು. ಕಾವಲಿಗಿದ್ದ ಪೇದೆ ಬೇಡ ಎನ್ನಲಿಲ್ಲ. ಅವನು ಎರಡು ತುತ್ತು ತಿಂದು ಸಾಕೆಂದ.

ಐದೂಮುಕ್ಕಾಲಿಗೆ ನ್ಯಾಯಾಧೀಶೆ ಎದ್ದರು. ಎಲ್ಲರೂ ಎದ್ದು ನಿಂತರು. ಗುಮಾಸ್ತ ದೀಪ ಆರಿಸುತ್ತ, “ನಿಂದು ಮುಗೀತಪ್ಪ, ಹೊರಡು,” ಎಂದ. ಆದರೂ ರಾಜೇಂದ್ರ ಹೊರಡದೆ, “ಪೇಪರಿನಲ್ಲಿ ಏನಂತ ಬರ್ದಿರ್ತದೆ ಸಾರ್?” ಎಂದು ಕೇಳಿದ.

“ಅಪರಾಧಿ ಅಂತ.”

“ಹಂಗಾ,” ಎಂದು ಅವನು ಚಪ್ಪಲಿ ಮೆಟ್ಟಿಕೊಂಡ. ಅವನಿಗೆ ಕೊನೆಯ ಬಸ್ಸು ಸಿಗಬೇಕಿತ್ತು. ಮಬ್ಬುಗತ್ತಲಲ್ಲಿ ಅವನು ಠಾಣೆಯನ್ನು ದಾಟಿ, ಒಮ್ಮೆ ತನ್ನದಾಗಿದ್ದ, ಈಗ ಬೇಕರಿಯಾಗಿರುವ ಅಂಗಡಿಯತ್ತ ತಿರುಗಿಯೂ ನೋಡದೆ ಓಡುನಡಿಗೆಯಲ್ಲಿ ಹೋದ. ಸಂಯುಕ್ತಾ ಜಗಲಿಯ ಕಂಬ ಹಿಡಿದು, ಗೇಟು ಹಾಕುವವನು ಬಂದು ಎಬ್ಬಿಸುವವರೆಗೂ ಅಲ್ಲೇ ಕೂತಿದ್ದಳು.